ಟಂಟಂ ಹತ್ತಿ ಐಹೊಳೆಗೆ

ಬಾದಾಮಿ ರೈಲು ನಿಲ್ದಾಣದಿಂದ ಊರಿಗೆ ಐದು ಕಿಲೋಮೀಟರು. ಒಂದು ಕಾಲಕ್ಕೆ ಟಾಂಗಾಗಳು ಈ ದಾರಿ ದಾಟಿಸುತ್ತಿದ್ದವು, ಈಗ ಆ ಕೆಲಸ ಟಂಟಂಗಳದು. ಟಂಟಂ ತುಂಬಿತು ಅನ್ನುವ ಮಾತೇ ಇಲ್ಲ. ಡ್ರೈವರನ ಎಡಕ್ಕೊಬ್ಬ, ಬಲಕ್ಕೊಬ್ಬ, ಹಿಂದೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಎರಡು ಸಾಲು, ಕಂಬಿ ಹಿಡಿದು ಜೋತುಬಿದ್ದವರು. ಇಷ್ಟೆಲ್ಲ ಆದ ಮೇಲೂ "ಇನ್ನೊಂದ್ ಸೀಟ್ ಐತ್ರಿ, ಬರ್ರಿ ಬರ್ರಿ" ಎಂಬ ಕೂಗು. ಆ ಇನ್ನೊಂದು ಸೀಟಿನಲ್ಲಿ ನಾನು, ತಮ್ಮ ಇಬ್ಬರೂ ಕೂತೆವು. ಗದಗಿನಿಂದ ಜನರಲ್ ಡಬ್ಬಿಯ ಬಾಗಿಲಲ್ಲಿ ನಿಂತೇ ಬಂದವರಿಗೆ ಕೂರುವುದೇ ಒಂದು ಐಷಾರಾಮ. ನನ್ನ ತೊಡೆಯ ಮೇಲೆ ಯಾರದೋ ಮೊಮ್ಮಗ, ತಮ್ಮನ ಪಾದದ ಮೇಲೆ ಯಾರದೋ ತೆಂಗಿನಕಾಯಿ ಚೀಲ. ಗಾಡಿಯಲ್ಲಿದ್ದವರೆಲ್ಲ ಹೊರಟಿದ್ದು ಬನಶಂಕರಿಗೆ. ಬನದ ಹುಣ್ಣಿಮೆ ಕಳೆದಿತ್ತು, ಜಾತ್ರೆ ಏರು ಹೊತ್ತಿನಲ್ಲಿತ್ತು.

ಹಾಗಾಗಿ ಊರಲ್ಲಿ ಖೋಲಿ ಇರಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಲಾಡ್ಜು, ಅದರ ಹಿಂದಿನದು, ಓಣಿಯೊಳಗಿನದು, ಎಲ್ಲ ಕಡೆ ಅದೇ ತಲೆಯಾಡಿಸುವಿಕೆ. ಕೊನೆಯ ಲಾಡ್ಜಿನವ ಮಾತ್ರ ನಮ್ಮ ಮುಖ ನೋಡಿ ಕನಿಕರಪಟ್ಟ. "ಖೋಲಿ ಬಿಡ್ರಿ ಅಕ್ಕಾರ, ಪಡಸಾಲಿನೂ ಖಾಲಿ ಇಲ್ಲ. ನಾಟಕಕ್ಕ ಹೋಗ್ರಿ. ಬೆಳಕಾಗೂತನಕ ಕುರ್ಚಿ ಸಿಗತೈತಿ."

ತಮ್ಮ ಲೆಕ್ಕ ಹಾಕಿದ. ಜಾತ್ರೆಯ ರೇಟಿನ ಖೋಲಿಗಿಂತ ಎರಡು ನಾಟಕದ ಟಿಕೀಟು ಎಷ್ಟೋ ಅಗ್ಗ. ಬ್ಯಾಗು ಹೆಗಲಿಗೇರಿಸಿ ಮತ್ತೆ ಟಂಟಂ ಹತ್ತಿದೆವು.

ಬನಶಂಕರಿ ಜಾತ್ರೆಯ ಬಗ್ಗೆ ಓದಿ ತಿಳಿಯುವುದಕ್ಕಿಂತ ಅದರೊಳಗೆ ಕಳೆದುಹೋಗುವುದೇ ಲೇಸು. ಹರಿದ್ರಾ ತೀರ್ಥದ ಸುತ್ತಿನ ಕಲ್ಲಿನ ಮಂಟಪದಲ್ಲಿ ಸಂಸಾರಗಳು ಸೀರೆ ಹಾಸಿ ಮಲಗಿದ್ದವು. ಆಚೆ ಬಯಲಲ್ಲಿ ಕೆತ್ತನೆಯ ಬಾಗಿಲು ಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಗೋಡೆಯಿಲ್ಲ, ಮನೆಯಿಲ್ಲ, ಹೊಸಲು ಮತ್ತು ತೋಳು ಮಾತ್ರ. ಹೊಸ ಮನೆ ಕಟ್ಟುವವರು ಅವುಗಳ ನಡುವೆ ಹಾದು, ತಟ್ಟಿ ನೋಡಿ, ಚೌಕಾಸಿ ಮಾಡುತ್ತಿದ್ದರು. ರೊಟ್ಟಿ ಬುಟ್ಟಿ ಮುಂದಿಟ್ಟುಕೊಂಡು ಕೂತ ಅಜ್ಜಿಯೊಬ್ಬಳು ನಮ್ಮನ್ನು ಎಳೆದು ಕೂರಿಸಿದಳು. ಕಡಕ್ ಜೋಳದ ರೊಟ್ಟಿ, ಅದರ ಮೇಲೆ ಕೆಂಪಿಂಡಿ, ಕಾಳಿನ ಪಲ್ಯ, ಪುಟ್ಟ ಗಡಿಗೆಯಲ್ಲಿ ಹೆಪ್ಪುಗಟ್ಟಿದ ಮೊಸರು. "ದುಡ್ಡ ಆಮ್ಯಾಲ ಕೊಡೀವಂತಿ, ಮೊದಲ ತಿನ್ನು ಯವ್ವಾ" ಅಂದಳು. ಉಳಿದ ರೊಟ್ಟಿಯನ್ನು ಹಾಳೆಯಲ್ಲಿ ಸುತ್ತಿ ಬ್ಯಾಗಿಗೂ ತುರುಕಿದಳು.

ನಾಟಕದ ಥಿಯೇಟರು ತಗಡಿನದು. ಒಂದರ ಪಕ್ಕ ಒಂದು ಕಂಪನಿ, ಒಂದರ ಮೈಕಿಗೆ ಇನ್ನೊಂದರ ಮೈಕಿನ ಪೈಪೋಟಿ. ನಮ್ಮ ಕಂಪನಿಯ ನಾಯಕಿ ಅಳುವ ಹೊತ್ತಿಗೆ ಪಕ್ಕದ ಕಂಪನಿಯ ಹಾಸ್ಯಗಾರ ಹಾಡುತ್ತಿದ್ದ. ಪ್ರೇಕ್ಷಕರಿಗೆ ಅದರಿಂದ ಏನೂ ತೊಂದರೆಯಿಲ್ಲ, ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುವ ಕಿವಿ ಅವರದು. ಮಾತು ದ್ವಂದ್ವಾರ್ಥದ ಕಡೆ ವಾಲಿದಾಗ ನನ್ನ ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗಿಟ್ಟು ಎಲ್ಲರಿಗಿಂತ ಮೊದಲು ನಕ್ಕರು. ವೃತ್ತಿರಂಗಭೂಮಿ ಸತ್ತಿತು ಎಂದು ಬರೆಯುವವರು ಜನವರಿಯಲ್ಲಿ ಒಮ್ಮೆ ಇಲ್ಲಿಗೆ ಬರಬೇಕು. ಈ ಕಂಪನಿಗಳ ವರ್ಷದ ಗಳಿಕೆಯ ದೊಡ್ಡ ಪಾಲು ಇಂಥ ಜಾತ್ರೆಗಳಲ್ಲೇ ಹುಟ್ಟುವುದು. ಎರಡನೆಯ ಆಟದ ನಡುವೆ ತಮ್ಮ ಕೂತಲ್ಲೇ ನಿದ್ದೆಹೋದ. ಖಳನಾಯಕ ಗುಡುಗಿದಾಗಲೆಲ್ಲ ಬೆಚ್ಚಿ ಎದ್ದು ಬ್ಯಾಗು ಮುಟ್ಟಿ ನೋಡಿಕೊಳ್ಳುತ್ತಿದ್ದ.

ನಿದ್ದೆಗೆಟ್ಟ ಕಣ್ಣಲ್ಲಿ ಬಾದಾಮಿಯ ಗುಹೆಗಳನ್ನು ನೋಡುವುದು ಕೆಟ್ಟದ್ದೇನಲ್ಲ. ಕೆಂಪು ಮರಳುಗಲ್ಲಿನ ಮೇಲೆ ಬೆಳಗಿನ ಬಿಸಿಲು ಇಳಿಯುತ್ತಿತ್ತು. ಮೊದಲ ಗುಹೆಯ ಮಗ್ಗುಲಲ್ಲಿ ಹದಿನೆಂಟು ತೋಳಿನ ನಟರಾಜ. ಎಡಗೈಗಳಲ್ಲಿ ಒಂದನ್ನು, ಬಲಗೈಗಳಲ್ಲಿ ಒಂದನ್ನು ಕಣ್ಣಲ್ಲೇ ಜೋಡಿ ಮಾಡುತ್ತ ಹೋದರೆ ಎಂಬತ್ತೊಂದು ಬೇರೆ ಬೇರೆ ಭಂಗಿಗಳು ಸಿಗುತ್ತವೆ ಎಂದು ಅಲ್ಲಿನ ಗೈಡುಗಳು ತೋರಿಸುತ್ತಾರೆ. ಗೈಡಿಗೆ ಕೊಡುವಷ್ಟು ನಮ್ಮಲ್ಲಿರಲಿಲ್ಲ. ಶಾಲಾ ಮಕ್ಕಳ ಗುಂಪೊಂದರ ಹಿಂದೆ ನಿಂತು ಕೇಳಿಸಿಕೊಂಡೆವು. ಮೂರನೆಯ ಗುಹೆ ದೊಡ್ಡದು, ಅದರಲ್ಲಿ ತಾರೀಖೂ ಇದೆ. ಚಾಲುಕ್ಯರ ಮಂಗಲೇಶ ಕೊರೆಸಿದ ಶಾಸನದ ಪ್ರಕಾರ ಶಕ 500, ಅಂದರೆ ಕ್ರಿ.ಶ. 578. ಇಷ್ಟು ಹಿಂದಿನ ಗುಡಿಯೊಂದು ತನ್ನ ಕಾಲವನ್ನು ತಾನೇ ಹೇಳುವುದು ಅಪರೂಪ. ಅನಂತನ ಸುರುಳಿಯ ಮೇಲೆ ವಿಷ್ಣು ಇಲ್ಲಿ ಮಲಗಿಲ್ಲ, ಕೂತಿದ್ದಾನೆ, ಅದೂ ಆರಾಮಾಗಿ. ನಾನು ಅವನ ಮುಖವನ್ನೇ ನೋಡುತ್ತಿದ್ದಾಗ ಹಿಂದೆ ತಮ್ಮನ ಕೂಗು ಕೇಳಿತು. ಅಜ್ಜಿಯ ರೊಟ್ಟಿಗಂಟು ಹೊತ್ತ ಮಂಗವೊಂದು ಆಗಲೇ ಗುಹೆಯ ನೆತ್ತಿಯಲ್ಲಿತ್ತು. ಗಂಟು ಬಿಚ್ಚಿ, ಕೆಂಪಿಂಡಿ ಮೂಸಿ, ಅದನ್ನು ಮಾತ್ರ ಕೆಳಗೆಸೆದು, ರೊಟ್ಟಿಯನ್ನು ನಿಧಾನಕ್ಕೆ ಮುರಿಯತೊಡಗಿತು. ಶಾಲಾ ಮಕ್ಕಳಿಗೆ ಅಲ್ಲಿಗೆ ಚಾಲುಕ್ಯರ ಪಾಠ ಮುಗಿಯಿತು.

ಕೆಳಗೆ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಗೆತದ ಸಪ್ಪಳ ಒಂದು ಗುಡ್ಡಕ್ಕೆ ಬಡಿದು ಎದುರು ಗುಡ್ಡಕ್ಕೆ ಹಾಯುತ್ತಿತ್ತು. ಭೂತನಾಥನ ಗುಡಿಯ ನೆರಳಲ್ಲಿ ಮಧ್ಯಾಹ್ನ ಪೂರ್ತಿ ಮಲಗಿ ನಾಟಕದ ಸಾಲ ತೀರಿಸಿದೆವು. ಸಂಜೆಗೆ ಖೋಲಿಯೂ ಸಿಕ್ಕಿತು. ಕಿಟಕಿಯಿರಲಿಲ್ಲ ಅನ್ನುವುದು ಬೇರೆ ಮಾತು.

ಕಾರು ಮಾಡಿಕೊಂಡು ಬಂದವರು ಬೆಳಿಗ್ಗೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು, ಹೊತ್ತು ಇಳಿಯುವಾಗ ಐಹೊಳೆ ಎಂದು ಒಂದೇ ದಿನದಲ್ಲಿ ಮುಗಿಸುತ್ತಾರೆ. ಬಸ್ಸಿನವರಿಗೆ ಆ ಲೆಕ್ಕ ಕೂಡುವುದಿಲ್ಲ. ಇಲ್ಲಿನ ಬಸ್ಸುಗಳು ಶಿಲ್ಪ ನೋಡುವವರಿಗಾಗಿ ಓಡುವುದಿಲ್ಲ. ಸಂತೆ, ಕಾಲೇಜು, ದವಾಖಾನೆ, ಮದುವೆ, ಇವುಗಳ ಹಿಂದೆ ಓಡುತ್ತವೆ. ಗುಡಿಗಳು ಆ ದಾರಿಯಲ್ಲಿ ಬಂದರೆ ಬಂದವು. ಪಟ್ಟದಕಲ್ಲಿಗೆ 22 ಕಿಲೋಮೀಟರು. ಬಸ್ಸಿನಲ್ಲಿ ಮುಕ್ಕಾಲು ಪಾಲು ಹೆಂಗಸರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ಕಾರ್ಡು ಎಲೆಯಡಿಕೆ ಸಂಚಿಯೊಳಗೆ ಸೇರಿಬಿಟ್ಟಿದೆ. ನನಗೂ ಸೊನ್ನೆ ರೂಪಾಯಿಯ ಟಿಕೀಟು ಹರಿದುಕೊಟ್ಟರು, ತಮ್ಮ ದುಡ್ಡು ಕೊಟ್ಟ. "ಗಂಡಮಕ್ಕಳದ್ದ ಪಾಡು ನೋಡ್ರಿ" ಎಂದು ಪಕ್ಕದ ಮುದುಕ ಅವನಿಗೆ ಜಾಗ ಮಾಡಿಕೊಟ್ಟ.

ಅರ್ಧ ದಾರಿಯಲ್ಲಿ ಬಸ್ಸು ನಿಂತಿತು. ಮುಂದೆ ಕಬ್ಬಿನ ಟ್ರ್ಯಾಕ್ಟರು. ಎರಡು ಟ್ರೇಲರುಗಳಲ್ಲಿ ಹಿಂದಿನದು ಮಗ್ಗುಲಾಗಿ ರಸ್ತೆಗಡ್ಡ ಬಿದ್ದಿತ್ತು. ಟ್ರ್ಯಾಕ್ಟರಿನ ಡ್ರೈವರು ತಲೆ ಮೇಲೆ ಕೈಹೊತ್ತು ಕೂತಿದ್ದ. ಅವನ ಟೇಪು ಮಾತ್ರ ಯಾವುದೂ ಗೊತ್ತಿಲ್ಲದಂತೆ ಜನಪದ ಹಾಡು ಬಾರಿಸುತ್ತಲೇ ಇತ್ತು. ಬಸ್ಸಿನಿಂದ ಎಲ್ಲರೂ ಇಳಿದರು. ಗಂಡಸರು ಕಬ್ಬು ಸರಿಸಿ ಒಂದು ಬಸ್ಸು ಹಾಯುವಷ್ಟು ದಾರಿ ಮಾಡಲು ನಿಂತರು, ಮಕ್ಕಳು ಕಬ್ಬು ಸಿಗಿಯಲು ನಿಂತರು. ನನ್ನ ಕೈಗೂ ಒಂದು ಗಣಿಕೆ ಬಂತು. ಯಾರೂ ಗಡಿಯಾರ ನೋಡಲಿಲ್ಲ, ಕಂಡಕ್ಟರೂ ನೋಡಲಿಲ್ಲ.

ಪಟ್ಟದಕಲ್ಲಿನಲ್ಲಿ ಮಲಪ್ರಭೆ ಉತ್ತರಕ್ಕೆ ಹೊರಳುತ್ತಾಳೆ. ಚಾಲುಕ್ಯರು ಪಟ್ಟ ಕಟ್ಟಿಸಿಕೊಳ್ಳಲು ಈ ಜಾಗ ಆರಿಸಿಕೊಂಡಿದ್ದಕ್ಕೆ ಅದೂ ಒಂದು ಕಾರಣ ಅನ್ನುತ್ತಾರೆ. ಅದೇ ಹೊಳೆ 2019ರ ಆಗಸ್ಟಿನಲ್ಲಿ ಗುಡಿಗಳ ಅಂಗಳಕ್ಕೇ ನುಗ್ಗಿತ್ತು. ಈಗ ಹಸಿರು ಹುಲ್ಲು, ಗೆರೆ ಎಳೆದಂಥ ಕಾಲುದಾರಿ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲಿನ ಅಚ್ಚುಕಟ್ಟು ಇದು. ನನಗೆ ಅದು ಒಂಚೂರು ಹೆಚ್ಚಾಯಿತು ಅನ್ನಿಸಿತು. ವಿರೂಪಾಕ್ಷನೊಬ್ಬನಿಗೆ ಇನ್ನೂ ಪೂಜೆ ನಡೆಯುತ್ತದೆ, ಎಣ್ಣೆಯ ಕಮಟು, ಗಂಟೆಯ ಸದ್ದು, ಬಾವಲಿಯ ವಾಸನೆ ಅಲ್ಲಿ ಮಾತ್ರ ಉಳಿದಿದೆ. ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದು ಬಂದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಇದು. ಪಕ್ಕದ ಮಲ್ಲಿಕಾರ್ಜುನ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ವಿರೂಪಾಕ್ಷನ ಗುಡಿ ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರನ್ನೂ ಕಲ್ಲು ಮರೆತಿಲ್ಲ. ನನಗೆ ಹಿಡಿಸಿದ್ದು ಇನ್ನೊಂದು ಶಾಸನ. ಮಾವ ವಿಜಯಾದಿತ್ಯ ಹಾಡುವವರಿಗೆ ಕೊಟ್ಟಿದ್ದ ಸವಲತ್ತುಗಳನ್ನು ರಾಣಿ ಲೋಕಮಹಾದೇವಿ ಹಾಗೆಯೇ ಮುಂದುವರಿಸಿದಳಂತೆ. ಬನಶಂಕರಿಯ ತಗಡಿನ ಥಿಯೇಟರಿನಲ್ಲಿ ಕಾಲು ಹಾರ್ಮೋನಿಯಂ ತುಳಿಯುತ್ತಿದ್ದ ಮನುಷ್ಯನ ಬೆವರಿದ ಬೆನ್ನು ನೆನಪಾಯಿತು. ಅವನಿಗೆ ಅಂಥ ರಾಣಿ ಸಿಕ್ಕಿಲ್ಲ, ಟಿಕೀಟಿನವರೇ ಗತಿ.

ಇಲ್ಲಿಂದ ಐಹೊಳೆಗೆ 14 ಕಿಲೋಮೀಟರಿನ ಆಸುಪಾಸು. ಬಸ್ಸು ಕಬ್ಬಿನ ಗಲಾಟೆಯಲ್ಲಿ ತಪ್ಪಿತ್ತು. ಚಹಾದಂಗಡಿಯವನನ್ನು ಕೇಳಿದರೆ "ಮುಂದಿಂದು ಮೂರಕ್ಕೈತ್ರಿ, ಬಂದ್ರ" ಅಂದ. ಆ ‘ಬಂದ್ರ’ ಕೇಳಿ ಟಂಟಂ ಹತ್ತಿದೆವು. ಅದು ಸ್ವಲ್ಪ ದೂರ ಹೋಗಿ ಪಂಕ್ಚರಾಯಿತು. ಸ್ಟೆಪ್ನಿಯೂ ಪಂಕ್ಚರು. ಡ್ರೈವರು ಗಾಲಿ ಕಳಚಿ, ಎದುರಿಗೆ ಬಂದ ಬೈಕಿನ ಹಿಂದೆ ಗಾಲಿಯ ಸಮೇತ ಕೂತು ಮಾಯವಾದ. ನಾವು ನಡೆದೆವು.

ಎರಡೂ ಕಡೆ ಬಿಳಿಜೋಳದ ಹೊಲ, ತೆನೆ ಹಾಲುಗಟ್ಟಿ ಗಟ್ಟಿಯಾಗುತ್ತಿದ್ದ ಹೊತ್ತು. ಹೊಗೆ ಕಂಡಲ್ಲಿ ಒಂದು ಸಂಸಾರ ಕುಳ್ಳಿನ ಬೆಂಕಿ ಮಾಡಿ ಕೂತಿತ್ತು. "ಬಿಸಲಾಗ ಎಲ್ಲಿ ಹೊಂಟೀ ಯವ್ವಾ? ಬಾ, ಸೀತನಿ ತಿಂದು ಹೋಗುವಂತಿ" ಎಂದಳು ಮನೆಯಾಕೆ. ಕೆಂಡದಲ್ಲಿ ಸುಟ್ಟ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಊದಿ, ಹಸಿರು ಕಾಳನ್ನು ಬೊಗಸೆಗೆ ಸುರಿದಳು. ಜತೆಗೆ ಶೇಂಗಾ ಹಿಂಡಿ, ಒಂದು ಹೆಂಟೆ ಬೆಲ್ಲ. ಬೆಂಗಳೂರಿನ ಅವರೆಮೇಳಕ್ಕೆ ಸಿಗುವ ಪ್ರಚಾರದಲ್ಲಿ ಕಾಲು ಭಾಗವೂ ಸೀತನಿಗೆ ಸಿಕ್ಕಿಲ್ಲ. ಸಿಗದಿರುವುದೇ ಒಳ್ಳೆಯದೇನೋ. ಐಹೊಳೆಗೆ ಎಂದಾಗ ಮನೆಯಾತ ಕೇಳಿದ, "ಅಲ್ಲಿ ಯಾರ ಮನಿಗ್ರಿ?"

ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಐಹೊಳೆಯ ಎಷ್ಟೋ ಗುಡಿಗಳು ಬಹಳ ಕಾಲ ಯಾರದೋ ಮನೆಯೇ ಆಗಿದ್ದವು. ಲಾಡಖಾನ್ ಗುಡಿ, ಹುಚ್ಚಪ್ಪಯ್ಯನ ಗುಡಿ, ಗೌಡರ ಗುಡಿ, ಅಂಬಿಗೇರ ಗುಡಿ, ಈ ಹೆಸರುಗಳಲ್ಲಿ ದೇವರಿಲ್ಲ, ಜನರಿದ್ದಾರೆ. ಗಾಲಿ ಸರಿಯಾಗಿ ಹಿಂದಿನಿಂದ ಬಂದ ಅದೇ ಟಂಟಂ ನಮ್ಮನ್ನು ಊರ ನಡುವೆ ಇಳಿಸಿದಾಗ ಎಮ್ಮೆಯೊಂದು ಸಣ್ಣ ಗುಡಿಯೊಂದರ ಗೋಡೆಗೆ ಮೈ ಉಜ್ಜುತ್ತಿತ್ತು. ಲಾಡಖಾನ್ ಗುಡಿಯ ಮಾಡಿನ ಮೇಲೆ ಕಲ್ಲುಚಪ್ಪಡಿಗಳ ಸಂದು ಮುಚ್ಚಲು ಉದ್ದುದ್ದ ಕಲ್ಲಿನ ದಿಮ್ಮಿಗಳನ್ನು ಇಟ್ಟಿದ್ದಾರೆ. ಮರದಲ್ಲಿ ಮನೆ ಕಟ್ಟಿ ರೂಢಿಯಿದ್ದ ಕೈಗಳು ಕಲ್ಲಿಗೆ ಬಂದಾಗಲೂ ಬಡಗಿತನ ಬಿಟ್ಟಿರಲಿಲ್ಲ. ಮೇಲಿನ ಪುಟ್ಟ ಗರ್ಭಗುಡಿಗೆ ಹತ್ತಲು ಏಣಿಯೂ ಕಲ್ಲಿನದೇ. ದುರ್ಗದ ಗುಡಿಯ ಗಜಪೃಷ್ಠದ ಸುತ್ತ ಕಂಬಗಳ ಓಣಿಯಲ್ಲಿ ಫೋಟೋ ತೆಗೆಸಿಕೊಳ್ಳುವವರ ನೂಕುನುಗ್ಗಲು. ನಾವು ಬೇಗ ಹೊರಬಂದು ಮೇಗುಟಿ ಗುಡ್ಡ ಹತ್ತಿದೆವು.

ಮೇಲೆ ಯಾರೂ ಇರಲಿಲ್ಲ. ಕೋಟೆಯೊಳಗೆ ಅರ್ಧಕ್ಕೇ ನಿಂತ ಜಿನಾಲಯ, ಅದರ ಹೊರಗೋಡೆಯಲ್ಲಿ ರವಿಕೀರ್ತಿಯ ಶಾಸನ. ಕ್ರಿ.ಶ. 634. ಶಕ 556 ಎಂದಷ್ಟೇ ಹೇಳಿ ಸುಮ್ಮನಾಗದೆ, ಭಾರತ ಯುದ್ಧವಾಗಿ 3735 ವರ್ಷ ಕಳೆದವು ಎಂದೂ ಲೆಕ್ಕ ಕೊಟ್ಟಿದ್ದಾನೆ ಪುಣ್ಯಾತ್ಮ. ಇಮ್ಮಡಿ ಪುಲಕೇಶಿಯ ಎದುರು ಹರ್ಷನ ಹರ್ಷ ಇಳಿದುಹೋದದ್ದನ್ನು ಬಣ್ಣಿಸಿ, ಕೊನೆಗೆ ಕಾಳಿದಾಸ ಭಾರವಿಗಳ ಸಾಲಿನಲ್ಲಿ ತನ್ನನ್ನೂ ಕೂರಿಸಿಕೊಂಡಿದ್ದಾನೆ. ಈ ಜಂಬದಿಂದ ನಮಗಾದ ಉಪಕಾರ ದೊಡ್ಡದು. ಕಾಳಿದಾಸ ಇದಕ್ಕಿಂತ ಈಚಿನವನಲ್ಲ ಎಂದು ಪಂಡಿತರು ಗಟ್ಟಿಯಾಗಿ ಹೇಳುವುದು ಈ ಗೋಡೆಯನ್ನು ನೆಚ್ಚಿಕೊಂಡೇ. ಗುಡಿಯ ಆಚೆಗೆ ಬಂಡೆಯ ಮೇಲೆ ಬೃಹತ್ ಶಿಲಾಯುಗದ ಕಲ್ಗೋರಿಗಳು. ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ್ದು, ಅಷ್ಟೆ. ರವಿಕೀರ್ತಿ ಗುಡ್ಡ ಹತ್ತಿದಾಗಲೂ ಅವು ಹಳೆಯವೇ.

ಕೆಳಗೆ ಹಾರ್ನು ಕೇಳಿತು. ಅಮೀನಗಡಕ್ಕೆ ಹೋಗುವ ಬಸ್ಸು, ಹೊತ್ತಿಗೆ ಮೊದಲೇ ಬಂದುಬಿಟ್ಟಿತ್ತು. ಮೆಟ್ಟಿಲು ಎರಡೆರಡು ಹಾರುತ್ತ ಇಳಿದೆವು. ಬಸ್ಸಿನ ಕಿಟಕಿಗಳಿಂದ ಕೈಗಳು ಹೊರಬಂದು "ಓಡ್ ತಂಗಿ, ಓಡ್" ಎಂದು ಹುರಿದುಂಬಿಸಿದವು. ಯಾರೋ ಬಸ್ಸಿನ ಪಕ್ಕಕ್ಕೆ ಬಡಿದು ತಡೆದು ನಿಲ್ಲಿಸಿದರು. ಏದುಸಿರು ಬಿಡುತ್ತ ಹತ್ತಿದಾಗ ಕಂಡಕ್ಟರು ಸೀಟಿ ಬಾಯಲ್ಲಿಟ್ಟವನು ಮತ್ತೆ ತೆಗೆದ.

"ಗುಡ್ಡದ ಮ್ಯಾಲ ಇನ್ನೂ ಯಾರರೇ ಅದಾರೇನ್ರಿ?"

"ಇಲ್ರಿ" ಅಂದ ತಮ್ಮ. ಸೀಟಿ ಊದಿತು. ಅಮೀನಗಡದಲ್ಲಿ ಕರದಂಟಿನ ಅಂಗಡಿಗಳು ಎಷ್ಟೊತ್ತಿನ ತನಕ ತೆರೆದಿರುತ್ತವೆ ಎಂದು ನಾನು ಪಕ್ಕದಾಕೆಯನ್ನು ಕೇಳತೊಡಗಿದೆ.