ಚಲಿಸುವ ಮನೆಯಲ್ಲಿ ಶ್ರೀರಂಗಪಟ್ಟಣಕ್ಕೆ

ಮನೆಯನ್ನು ಹಿಂದೆ ಬಿಟ್ಟು ಹೊರಡುವುದೇ ಪ್ರವಾಸವೆಂಬುದು ರೂಢಿಯ ಮಾತು. ಈಚಿನ ವರ್ಷಗಳಲ್ಲಿ ಮನೆಯನ್ನೇ ಗಾಲಿಗಳ ಮೇಲೆ ಏರಿಸಿಕೊಂಡು ಹೊರಡುವ ಪದ್ಧತಿಯೊಂದು ನಮ್ಮ ನಾಡಿಗೂ ಬಂದಿದೆ. ಕ್ಯಾರವಾನ್ ಎಂಬ ಈ ವಾಹನದಲ್ಲಿ ಮಲಗಲು ಮಂಚವುಂಟು, ಅಡಿಗೆಗೆ ಒಲೆಯುಂಟು, ಶೌಚಗೃಹವೂ ಉಂಟು. ಮಂಡಿನೋವಿನ ಹಿರಿಯರನ್ನು ಊರು ತೋರಿಸಲು ಕರೆದೊಯ್ಯುವವರಿಗೆ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ. ಜಯನಗರದ ನಾವು ಇಂಥದೊಂದು ವಾಹನವನ್ನು ಎರಡು ದಿನದ ಮಟ್ಟಿಗೆ ಬಾಡಿಗೆಗೆ ಪಡೆದು ಶ್ರೀರಂಗಪಟ್ಟಣಕ್ಕೆ ಹೋದದ್ದು ಮುಖ್ಯವಾಗಿ ನಮ್ಮ ದೊಡ್ಡಮ್ಮನಿಗಾಗಿ. ಅವರು ಐವತ್ತು ವರ್ಷ ಬಾಳಿದ ಮನೆಯನ್ನು ಸದ್ಯದಲ್ಲಿಯೇ ಕೆಡವಿ, ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡವನ್ನು ಎಬ್ಬಿಸುವುದೆಂದು ಮಕ್ಕಳು ನಿಶ್ಚಯಿಸಿದ್ದರು. ದೊಡ್ಡಮ್ಮ ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ.

೨೦೨೩ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಇವೆಲ್ಲವನ್ನೂ ಬಳಸಿ ಹೋಗುತ್ತದೆ. ಪ್ರಯಾಣ ಬೇಗ ಮುಗಿಯುತ್ತದೆ, ಊರುಗಳು ಮಾತ್ರ ಕಾಣುವುದಿಲ್ಲ. "ಮದ್ದೂರು ಬಂತೇನೋ?" ಎಂದು ದೊಡ್ಡಮ್ಮ ಕೇಳುವ ಹೊತ್ತಿಗೆ ಮದ್ದೂರೂ ಅದರ ವಡೆಯೂ ಹಿಂದೆ ಉಳಿದಿದ್ದವು.

ಕಾವೇರಿ ಎರಡಾಗಿ ಕವಲೊಡೆದು, ಮುಂದೆ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಆ ಎರಡು ತೋಳುಗಳ ನಡುವಣ ದ್ವೀಪವೇ ಶ್ರೀರಂಗಪಟ್ಟಣ. ಕಾವೇರಿಯ ಮೂರು ರಂಗಕ್ಷೇತ್ರಗಳಲ್ಲಿ ಇದು ಆದಿರಂಗ. ಶಿವನಸಮುದ್ರ ಮಧ್ಯರಂಗ, ತಮಿಳುನಾಡಿನ ಶ್ರೀರಂಗ ಅಂತ್ಯರಂಗ. ೧೬೧೦ರಲ್ಲಿ ರಾಜ ಒಡೆಯರು ಇದನ್ನು ವಶಪಡಿಸಿಕೊಂಡಂದಿನಿಂದ ೧೭೯೯ರ ಮೇ ೪ರಂದು ಟಿಪ್ಪು ಸುಲ್ತಾನನು ಮಡಿಯುವವರೆಗೆ ಮೈಸೂರು ರಾಜ್ಯದ ರಾಜಧಾನಿ ಇದೇ ಆಗಿತ್ತು. ೧೭೮೪ರ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ೧೭೮೦ರ ಪೊಲ್ಲಿಲೂರಿನ ಕದನದ ಚಿತ್ರವಿದೆ. ಸೋತ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಂಡಿದ್ದಾನೆ. ದೊಡ್ಡಮ್ಮ ಬಹಳ ಹೊತ್ತು ನೋಡಿದ್ದು ಆ ಬೆರಳನ್ನು.

ಈ ಊರಿನ ಇತಿಹಾಸವನ್ನು ಯುದ್ಧಗಳ ಇತಿಹಾಸವೆಂದು ಓದುವುದು ವಾಡಿಕೆ. ಅದನ್ನು ಎತ್ತಂಗಡಿಗಳ ಇತಿಹಾಸವೆಂದೂ ಓದಬಹುದು. ಕೋಟೆಯ ಪೂರ್ವಕ್ಕಿರುವ ಗಂಜಾಮಿನಲ್ಲಿ ಜನವಸತಿ ಬೆಳೆಸಲು ಟಿಪ್ಪುವಿನ ಕಾಲದಲ್ಲಿ ಶಿರಾ ಪಟ್ಟಣದಿಂದ ೧೨,೦೦೦ ಕುಟುಂಬಗಳನ್ನು ಬಲವಂತವಾಗಿ ಕರೆತಂದರೆಂದು ಗೆಜೆಟಿಯರು ಹೇಳುತ್ತದೆ. ಕೋಟೆ ಬಿದ್ದ ಮೇಲೆ ರಾಜಧಾನಿ ಮೈಸೂರಿಗೆ ಮರಳಿತು. ಜ್ವರದ ಕಾಟ ತಾಳಲಾರದೆ ಇಂಗ್ಲಿಷರ ದಂಡು ೧೮೦೯ರಲ್ಲಿ ಇಲ್ಲಿಂದ ಬೆಂಗಳೂರಿಗೆ ಹೊರಟಿತು. ಬೆಂಗಳೂರಿನ ದಂಡುಪ್ರದೇಶ ಬೆಳೆಯಲಾರಂಭಿಸಿದ್ದು ಹಾಗೆ. ಒಂದು ಊರು ಬರಿದಾದಂತೆ ಮತ್ತೊಂದು ತುಂಬಿತು. ಶಿರಾದಿಂದ ಬಂದ ಮನೆಮಂದಿ ಏನನ್ನು ಹೊತ್ತು ತಂದರು, ಏನನ್ನು ಬಿಟ್ಟು ಬಂದರು ಎಂಬುದನ್ನು ಯಾವ ಗೋಡೆಯ ಮೇಲೂ ಯಾರೂ ಬರೆಸಲಿಲ್ಲ.

ಕೋಟೆಯ ಒಳಗಣ ಹಳೆಯ ಬೀದಿಗಳಿಗೆ ನಮ್ಮ ಎತ್ತರದ ವಾಹನ ಒಗ್ಗದೆಂದು ಚಾಲಕ ಹೇಳಿದುದರಿಂದ ಅದನ್ನು ಹೊರಗೆ ನಿಲ್ಲಿಸಿ, ಆಟೋ ಹಿಡಿದು ಒಳಹೊಕ್ಕೆವು. ರಂಗನಾಥನ ದರ್ಶನವಾದ ಮೇಲೆ ರೈಲುದಾರಿಯ ಸಮೀಪದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದನ್ನು ಕಂಡೆವು. ಗಾರೆ ಇಟ್ಟಿಗೆಯ ದಪ್ಪ ಗೋಡೆಗಳ ಗಿಡ್ಡ ಕಟ್ಟಡ. ನೋಟಕ್ಕೆ ಅಂಥ ಸೊಬಗೇನೂ ಇಲ್ಲ. ಆದರೆ ಅದು ಹುಟ್ಟಿದ ಜಾಗದಲ್ಲಿ ಈಗ ಇಲ್ಲ. ಬೆಂಗಳೂರು–ಮೈಸೂರು ಮಾರ್ಗವನ್ನು ಜೋಡಿಹಳಿಯಾಗಿಸುವಾಗ ಅದು ದಾರಿಗೆ ಅಡ್ಡವಾಯಿತು. ಕೆಡವುವ ಬದಲು, ಬುಡವನ್ನು ಕತ್ತರಿಸಿ, ಉಕ್ಕಿನ ತೊಲೆಗಳನ್ನು ಕೆಳಗೆ ತೂರಿಸಿ, ಹೈಡ್ರಾಲಿಕ್ ಜಾಕಿಗಳಿಂದ ಮೇಲೆತ್ತಿ, ಸುಮಾರು ಸಾವಿರ ಟನ್ನಿನ ಆ ಕಟ್ಟಡವನ್ನು ಇಡಿಯಾಗಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಕೆಲಸ ಮುಗಿದದ್ದು ೨೦೧೭ರಲ್ಲಿ.

ಇದನ್ನು ನಾನು ವಿವರಿಸಿದಾಗ ದೊಡ್ಡಮ್ಮ ಗೋಡೆಗೆ ಕೈಯೂರಿ ಕೇಳಿದರು: "ಮದ್ದು ತುಂಬೋ ಮನೇನ ಇಷ್ಟು ಜೋಪಾನವಾಗಿ ಎತ್ತಿಟ್ಟರಲ್ಲಪ್ಪ. ನಾವು ಇರೋ ಮನೇನ ಹಾಗೆ ಎತ್ತಿಡೋಕ್ಕೆ ಆಗೋದಿಲ್ಲವೇನೋ?"

ಉತ್ತರ ಹೇಳಲು ಕಾರಣಗಳೇನೋ ಇದ್ದವು: ನಿವೇಶನದ ಬೆಲೆ, ಹೆಚ್ಚಿದ ಸಂಸಾರ, ಸೋರುವ ತಾರಸಿ. ಅವಾವುವೂ ಸುಳ್ಳಲ್ಲ. ಆದರೆ ಆ ಗೋಡೆಯ ಎದುರಿನಲ್ಲಿ ಅವನ್ನು ಎಣಿಸಲು ನನಗೆ ಬಾಯಿ ಬರಲಿಲ್ಲ. ಕಾಲ ಬದಲಾದಾಗ ಎಲ್ಲವನ್ನೂ ಇದ್ದಲ್ಲಿಯೇ ಉಳಿಸಲಾಗದು, ನಿಜ. ರೈಲು ಬರಲೇಬೇಕು, ಮೊಮ್ಮಕ್ಕಳಿಗೂ ಮನೆ ಬೇಕು. ಆದರೆ ಸರಿಸಲೇಬೇಕಾದುದನ್ನು ಎಷ್ಟು ಜೋಪಾನದಿಂದ ಸರಿಸುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ. ಕಲ್ಲುಗಾರೆಗೆ ಸಂದ ಆ ಎಚ್ಚರಿಕೆ ಶಿರಾದ ಸಂಸಾರಗಳಿಗೆ ಸಲ್ಲಲಿಲ್ಲ. ನಮ್ಮ ಬಡಾವಣೆಗಳ ಮುದುಕರಿಗೂ ಸಲ್ಲುತ್ತಿಲ್ಲ.

ಆ ರಾತ್ರಿ ನದಿಯ ಬದಿಯ ತೋಟವೊಂದರಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ವಾಹನವನ್ನು ನಿಲ್ಲಿಸಿದೆವು. ನೀರಿನ ಸದ್ದು ಕೇಳುತ್ತಿತ್ತು. ಈ ನೀರೇ ಮುಂದೆ ಹರಿದು, ಮಧ್ಯರಂಗದ ಆಸುಪಾಸಿನಲ್ಲಿ ಒಂದು ಪಾಲು ಬೇರೆಯಾಗಿ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳ ಪಂಪುಗಳಿಂದ ಸುಮಾರು ೫೦೦ ಮೀಟರ್ ಮೇಲೇರಿ, ನೂರು ಕಿಲೋಮೀಟರ್ ದೂರದ ಬೆಂಗಳೂರನ್ನು ಸೇರುತ್ತದೆ. ಮೊದಲ ಹಂತದ ನೀರು ಬಂದದ್ದು ೧೯೭೪ರಲ್ಲಿ. ದೊಡ್ಡಮ್ಮ ಆ ಮನೆಗೆ ಕಾಲಿಟ್ಟ ಹೊಸತು ಅದು. "ಮೊದಲ ದಿನ ನಲ್ಲಿಗೆ ಅರಿಸಿನ ಕುಂಕುಮ ಇಟ್ಟಿದ್ದೆ" ಎಂದರು. ಹೊಸ ಕಟ್ಟಡದ ವಿಷಯವಾಗಿ ಅವರು ಮೊದಲ ಬಾರಿಗೆ ಬಾಯಿಬಿಟ್ಟದ್ದೂ ಆಗಲೇ. ಬೇಡಿದ್ದು ಎರಡನ್ನು: ನೆಲ ಅಂತಸ್ತಿನಲ್ಲಿ ತಮಗೊಂದು ಕೋಣೆ, ಆ ಕೋಣೆಗೆ ಹಳೆಯ ಮನೆಯ ಮುಂಬಾಗಿಲು.

ಮಕ್ಕಳು ಒಪ್ಪಿದ್ದಾರೆ. ತೇಗದ ಆ ಬಾಗಿಲನ್ನು ಚೌಕಟ್ಟು ಸಮೇತ ಬಿಚ್ಚಲು ಬನಶಂಕರಿಯಿಂದ ಬಡಗಿಯೊಬ್ಬರು ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ.