ಬ್ಯಾಂಜೋ ಯಾರದ್ದು? ‘ಕೌಬಾಯ್ ಕಾರ್ಟರ್’ ಕೇಳೋ ಮುಂಚೆ

ಇಯರ್‌ಫೋನ್ ಹಾಕ್ಕೊಂಡ್ರಾ? ಬಿಯಾನ್ಸೆಯ ‘ಕೌಬಾಯ್ ಕಾರ್ಟರ್’ ಬಂದಿದ್ದು 2024ರ ಮಾರ್ಚ್‌ನಲ್ಲಿ. 27 ಟ್ರ್ಯಾಕ್ ಇದೆ, ಒಂದೇ ಸಲ ಕೇಳೋಕೆ ಹೋಗಬೇಡಿ, ನಂಗೇ ಸುಸ್ತಾಯ್ತು. ಮೊದಲು ‘ಟೆಕ್ಸಾಸ್ ಹೋಲ್ಡ್ ಎಮ್’ ಹಾಕಿ. ಶುರುವಲ್ಲೇ ಬ್ಯಾಂಜೋ ಕೇಳುತ್ತೆ, ನುಡಿಸಿರೋದು ರಿಯಾನನ್ ಗಿಡ್ಡೆನ್ಸ್.

ಕಂಟ್ರಿ ಅಂದ್ರೆ ಹ್ಯಾಟ್ ಹಾಕಿದ ಬಿಳಿಯರ ಹಾಡು ಅಂತ ನಾನೂ ಅಂದ್ಕೊಂಡಿದ್ದೆ. ಆದ್ರೆ ಬ್ಯಾಂಜೋದ ಬೇರು ಇರೋದು ಆಫ್ರಿಕಾದಲ್ಲಿ. ಅಲ್ಲಿಂದ ಗುಲಾಮರಾಗಿ ಬಂದವರು ಸೋರೆ ಬುರುಡೆಗೆ ಚರ್ಮ ಬಿಗಿದು ಮಾಡಿಕೊಂಡ ವಾದ್ಯ ಅದು.

ಲಿಂಡಾ ಮಾರ್ಟೆಲ್ 1969ರಲ್ಲಿ ಗ್ರ್ಯಾಂಡ್ ಓಲ್ ಆಪ್ರಿ ವೇದಿಕೇಲಿ ಒಬ್ಬರೇ ನಿಂತು ಹಾಡಿದ ಮೊದಲ ಕಪ್ಪು ಮಹಿಳೆ. ಅವರಿಗೆ ಮಾಡೋಕಾಗಿದ್ದು ಒಂದೇ ಆಲ್ಬಂ. ಬಿಯಾನ್ಸೆಯ ಈ ಆಲ್ಬಂಗೂ ಕಂಟ್ರಿಯವರ ಸಿಎಂಎ ಪ್ರಶಸ್ತಿಗೆ ಒಂದೂ ನಾಮಿನೇಷನ್ ಸಿಗಲಿಲ್ಲ. ಗ್ರ್ಯಾಮಿಯವರು ಮಾತ್ರ 2025ರಲ್ಲಿ ವರ್ಷದ ಆಲ್ಬಂ ಅಂದ್ರು.

ಈಗ ‘ಸ್ಪಗೆಟ್ಟಿ’ ಹಾಕಿ. ಮೊದಲು ಮಾತಾಡೋ ಅಜ್ಜಿ, ಅದೇ ಲಿಂಡಾ.