ಹೆಸರು ಚೆಂದ, ಕಥೆ ಗೊತ್ತೇ? ಹೆಣ್ಣುಮಗುವಿಗೆ ಗ್ರೀಕ್ ಪುರಾಣದ ಹೆಸರು

ಮನೆಯಲ್ಲಿ ಹೆಣ್ಣುಮಗು ಹುಟ್ಟಿದರೆ ಹಿಂದೆ ಹೆಸರಿಗಾಗಿ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಜ್ಜಿಯ ಹೆಸರು ಇದ್ದೇ ಇರುತ್ತಿತ್ತು, ಇಲ್ಲವಾದರೆ ಕುಲದೇವತೆಯದು. ಈಗಿನ ತಂದೆ ತಾಯಿಗೆ ಹೆಸರು ಎರಡೇ ಅಕ್ಷರದ್ದಾಗಬೇಕು, ಪಕ್ಕದ ಫ್ಲ್ಯಾಟಿನ ಮಗುವಿಗೆ ಇಟ್ಟಿರಬಾರದು, ನಾಳೆ ವಿದೇಶಕ್ಕೆ ಹೋದರೂ ಅಲ್ಲಿನವರ ನಾಲಿಗೆಗೆ ತೊಡಕಾಗಬಾರದು. ಇಷ್ಟೆಲ್ಲ ಶರತ್ತುಗಳ ನಡುವೆ ಹುಡುಕುತ್ತ ಹೋದವರು ಕೊನೆಗೆ ಗ್ರೀಕ್ ಪುರಾಣದ ಬಾಗಿಲು ತಟ್ಟುವುದುಂಟು.

ಇದು ಹೊಸ ಶೋಕಿ ಎಂದು ಮೂಗು ಮುರಿಯುವ ಹಾಗಿಲ್ಲ. ಮಂಗಳೂರಿನಿಂದ ಮುಂಬಯಿಗೆ ಬಂದು ಬಾಂದ್ರಾ, ಮಾಹಿಮ್ ಕಡೆ ನೆಲೆಸಿದ ಕ್ರೈಸ್ತ ಕುಟುಂಬಗಳ ಹಿರಿಯ ತಲೆಮಾರಿನಲ್ಲಿ ಡೋರಿಸ್, ಡ್ಯಾಫ್ನಿ, ಐರಿಸ್, ಫಿಲ್ಲಿಸ್, ಐರಿನ್ ಎಂಬ ಹೆಸರಿನ ಬಾಯಿಗಳು ಸರ್ವೇ ಸಾಮಾನ್ಯ. ಈ ಐದೂ ಗ್ರೀಕ್ ಪುರಾಣದವೇ. ಡೋರಿಸ್ ಐವತ್ತು ಮಂದಿ ಕಡಲಕನ್ಯೆಯರ ತಾಯಿ. ಐರಿಸ್ ಕಾಮನಬಿಲ್ಲಿನ ದೇವತೆ, ದೇವತೆಗಳ ದೂತಿ. ಐರಿನ್ ಎಂದರೆ ಶಾಂತಿ. ಹಿಂದಿ ಚಿತ್ರರಂಗದ ನರ್ತಕಿ ಹೆಲೆನ್ ಅವರ ಹೆಸರೂ ಟ್ರಾಯ್ ಯುದ್ಧಕ್ಕೆ ಕಾರಣಳಾದವಳದ್ದೇ.

ದೇವ ದೇವತೆಯರ ಹೆಸರು ಇಗರ್ಜಿಯೊಳಗೆ ಬಂದದ್ದು ಹೇಗೆ ಎಂದು ಕೇಳಬಹುದು. ಮೊದಲ ಕ್ರೈಸ್ತರಲ್ಲಿ ಅನೇಕರು ಗ್ರೀಕ್ ಮಾತನಾಡುವವರು. ಮತ ಬದಲಾದರೂ ಹೆಸರು ಬದಲಿಸಲಿಲ್ಲ. ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಹದಿನಾರನೇ ಅಧ್ಯಾಯದಲ್ಲಿ ಸಭೆಯ ಸೇವಕಿ ಫೀಬಿಯನ್ನು ಗೌರವದಿಂದ ನೆನೆಯುತ್ತಾನೆ. ಪುರಾಣದ ಫೀಬಿಯಾದರೋ ಅಪೊಲೋ ದೇವನ ಅಜ್ಜಿ. ಐರಿನ್, ಹೆಲೆನಾ ಎಂಬ ಹೆಸರಿನ ಸಂತರೂ ಆಗಿಹೋದರು. ಆಮೇಲೆ ಹೆಸರಿನ ಮೇಲೆ ಹಳೆಯ ದೇವತೆಯ ಹಕ್ಕು ಉಳಿಯಲಿಲ್ಲ.

ಗ್ರೀಸಿನಲ್ಲಿಯೇ ಪರಿಸ್ಥಿತಿ ಬೇರೆ. ಅಲ್ಲಿ ಮೊದಲ ಮಗಳಿಗೆ ಹೆಚ್ಚಾಗಿ ತಂದೆಯ ತಾಯಿಯ ಹೆಸರಿಡುವುದು ಹಳೆಯ ಪದ್ಧತಿ. ನಮ್ಮ ಅನೇಕ ಮನೆಗಳ ಪದ್ಧತಿಯೂ ಅದೇ ಅಲ್ಲವೇ? ಹೀಗಾಗಿ ಅಲ್ಲಿ ಮರಿಯಾ, ಎಲೆನಿ ಎಂಬ ಹೆಸರುಗಳೇ ಬೀದಿ ತುಂಬ. 1821ರ ಸ್ವಾತಂತ್ರ್ಯ ಸಮರದ ಆಸುಪಾಸಿನಲ್ಲಿ ಹಳೆಯ ವೈಭವದ ನೆನಪು ಮರುಕಳಿಸಿ ಪುರಾಣ, ಇತಿಹಾಸಗಳ ಹೆಸರಿಡುವ ಹುಮ್ಮಸ್ಸು ಹೆಚ್ಚಿತು. 2004ರ ಅಥೆನ್ಸ್ ಒಲಿಂಪಿಕ್ಸ್‌ನ ಲಾಂಛನದ ಗೊಂಬೆಗಳಾದ ಅಕ್ಕ ತಮ್ಮಂದಿರಿಗೂ ಅಥೀನಾ, ಫೀವೋಸ್ ಎಂದೇ ಹೆಸರಿಟ್ಟಿದ್ದರು.

ಈಗ ನಮ್ಮ ನಗರಗಳ ಶಾಲಾ ಹಾಜರಿ ಪುಸ್ತಕದಲ್ಲಿ ಮತಭೇದವಿಲ್ಲದೆ ಕಾಣುವ ರಿಯಾ ಎಂಬ ಹೆಸರನ್ನೇ ನೋಡಿ. ಇಂಗ್ಲಿಷಿನಲ್ಲಿ ಆರ್ ಆದ ಮೇಲೆ ಎಚ್ ಬಂದರೆ ಅದು ಗ್ರೀಕರ ದೇವಮಾತೆಯ ಹೆಸರು. ಆಕೆಯ ಗಂಡ ಕ್ರೋನಸ್‌ಗೆ ತನ್ನ ಮಗುವೇ ತನ್ನ ಪದವಿ ಕಸಿಯುತ್ತದೆಂಬ ಭವಿಷ್ಯವಾಣಿ. ಹುಟ್ಟಿದ ಐದು ಮಕ್ಕಳನ್ನು ನುಂಗಿದ. ಆರನೆಯದು ಹುಟ್ಟಿದಾಗ ರಿಯಾ ಒಂದು ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗಿತ್ತು, ಮಗುವನ್ನು ಕ್ರೀಟ್ ದ್ವೀಪದಲ್ಲಿ ಬಚ್ಚಿಟ್ಟಳು. ಆ ಮಗುವೇ ಜ್ಯೂಸ್. ದೇವಕಿಯ ಕಥೆ ಕೇಳಿ ಬೆಳೆದವರಿಗೆ ಇದು ಅಪರಿಚಿತವೆನಿಸದು. ಇಲ್ಲಿ ಕಂಸನ ಸ್ಥಾನದಲ್ಲಿ ಹೆತ್ತ ತಂದೆಯೇ ನಿಂತಿದ್ದಾನೆ, ಅಷ್ಟೇ ವ್ಯತ್ಯಾಸ. ಇಂತಹ ದಿಟ್ಟ ತಾಯಿಯ ಹೆಸರು ಎಂದು ಮಗಳಿಗೆ ಹೇಳಲು ಯಾವ ಅಳುಕೂ ಬೇಡ.

ಮಾಯಾ ಎಂಬ ಹೆಸರು ನಮ್ಮದೂ ಹೌದು, ಅವರದೂ ಹೌದು. ಗ್ರೀಕರ ಮಾಯಾ ಏಳು ಸಹೋದರಿಯರಲ್ಲಿ ಹಿರಿಯಳು. ಆ ಏಳು ಮಂದಿಯೇ ಆಕಾಶದ ನಕ್ಷತ್ರಪುಂಜ; ಅದನ್ನೇ ನಾವು ಕೃತ್ತಿಕೆ ಎನ್ನುತ್ತೇವೆ. ನಮ್ಮಲ್ಲಿ ಆರು ಮಂದಿ ಕೃತ್ತಿಕೆಯರು ಷಣ್ಮುಖನಿಗೆ ಹಾಲೂಡಿದರು. ಕುಕ್ಕೆಗೆ ನಡೆದುಕೊಳ್ಳುವ ಮನೆಯವರಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ.

ಆದರೆ ಎಲ್ಲ ಕಥೆಗಳೂ ಹೀಗಿಲ್ಲ. ಇಲ್ಲೇ ತಂದೆ ತಾಯಿ ತುಸು ನಿಲ್ಲಬೇಕು. ಡ್ಯಾಫ್ನಿ ಅಪೊಲೋನ ಬಲಾತ್ಕಾರದಿಂದ ತಪ್ಪಿಸಿಕೊಳ್ಳಲು ಓಡಿ ಓಡಿ, ಬೇರೆ ದಾರಿ ಕಾಣದೆ ಮರವಾದವಳು. ಫಿಲ್ಲಿಸ್, ಬರುತ್ತೇನೆಂದು ಹೋದವನನ್ನು ಕಾದು ಕಾದು ಪ್ರಾಣ ಕಳಕೊಂಡು ಬಾದಾಮಿ ಮರವಾದಳು; ಅವನು ತಡವಾಗಿ ಬಂದು ತಬ್ಬಿಕೊಂಡಾಗ ಬೋಳು ಮರ ಚಿಗುರಿತಂತೆ. ಹೆಸರಿನ ಅರ್ಥ ಎಲೆಯ ಚಿಗುರು, ನಮ್ಮ ಪಲ್ಲವಿಗೆ ತೀರ ಹತ್ತಿರ. ಕಸಾಂಡ್ರಾ ನಿಜವನ್ನೇ ನುಡಿದರೂ ಯಾರೂ ನಂಬದ ಹಾಗೆ ಶಾಪಗ್ರಸ್ತಳು. ಪ್ಯಾಂಡೋರಾ ಎಂದರೆ ಸಕಲ ವರಗಳನ್ನು ಪಡೆದವಳು. ಲೋಕದ ಕಷ್ಟಗಳನ್ನೆಲ್ಲ ಹೊರಬಿಟ್ಟವಳೆಂಬ ಅಪವಾದ ಮಾತ್ರ ಅವಳಿಗೆ ಅಂಟಿಕೊಂಡಿದೆ. ಅಂದ ಹಾಗೆ, ಅವಳು ತೆರೆದದ್ದು ಪೆಟ್ಟಿಗೆಯಲ್ಲ, ದೊಡ್ಡ ಮಣ್ಣಿನ ಗುಡಾಣ. ಹದಿನಾರನೇ ಶತಮಾನದಲ್ಲಿ ಎರಾಸ್ಮಸ್ ಎಂಬ ಪಂಡಿತ ಲ್ಯಾಟಿನ್‌ಗೆ ತರುವಾಗ ಅದನ್ನು ಪೆಟ್ಟಿಗೆ ಮಾಡಿಬಿಟ್ಟ.

ಹಾಗೆಂದು ಕಥೆ ದುಃಖದ್ದೆಂಬ ಕಾರಣಕ್ಕೆ ಹೆಸರು ಬಿಡಬೇಕೆಂದೇನೂ ಇಲ್ಲ. ಸೀತೆ ಪಟ್ಟ ಕಷ್ಟ ಯಾರಿಗೆ ಗೊತ್ತಿಲ್ಲ? ಆದರೂ ಸೀತಾ, ಜಾನಕಿ, ವೈದೇಹಿಯರು ನಮ್ಮ ಮನೆಗಳಲ್ಲಿ ಕಡಿಮೆಯೇನಿಲ್ಲ. ಕೈಕೇಯಿ ಎಂದು ಮಾತ್ರ ಯಾರೂ ಕೂಗುವುದಿಲ್ಲ. ಹತ್ತು ವರ್ಷದ ಮಗಳು ಬಂದು 'ನನ್ನ ಹೆಸರಿನವಳು ಏನಾದಳು?' ಎಂದು ಕೇಳಿದಾಗ ಹೇಳಲು ತಾಯಿಯ ಬಳಿ ಉತ್ತರವಿರಬೇಕು. ಸಹಪಾಠಿಯ ಬಾಯಿಂದ ಮೊದಲು ಕೇಳಿದರೆ ಮಗುವಿಗೆ ನೋವಾದೀತು.

ಗ್ರೀಕ್ ಹೆಸರು ಹುಡುಕುವ ಕನ್ನಡಿಗರಿಗೆ ಮನೆಯ ಹತ್ತಿರದ್ದೇ ಒಂದಿದೆ: ಕ್ಯಾರಿಟಿಯೋನ್. ದೇವಿಯ ಹೆಸರಲ್ಲ, ಸೌಂದರ್ಯ, ಅನುಗ್ರಹಗಳ ದೇವಿಯರ ಹೆಸರಿನಿಂದ ಹುಟ್ಟಿದ ಮುದ್ದಿನ ರೂಪ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಹಳೆಯ ಗ್ರೀಕ್ ಪ್ರಹಸನದ ನಾಯಕಿ ಆಕೆ. ಭಾರತದ ಕರಾವಳಿಯ ರಾಜನೊಬ್ಬನ ಬಳಿ ಸೆರೆಯಾಗಿರುವ ಆಕೆಯನ್ನು ಅಣ್ಣ ಬಿಡಿಸಿಕೊಂಡು ಹೋಗುವುದೇ ಕಥೆ. ಅದರಲ್ಲಿ ಆ ರಾಜ ಮತ್ತು ಅವನ ಕಡೆಯವರು ಆಡುವ ಮಾತು ಕನ್ನಡ ಎಂದು 1904ರಲ್ಲಿ ಹುಲ್ಟ್ಜ್ ಎಂಬ ವಿದ್ವಾಂಸರು ಸೂಚಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಇದರ ಬಗ್ಗೆ ತಲೆಕೆಡಿಸಿಕೊಂಡವರೇ. ವಿದ್ವಾಂಸರಲ್ಲಿ ಒಮ್ಮತವಿಲ್ಲ, ನಿಜ. ತೊಟ್ಟಿಲಿನ ಹೆಸರಾಗಿ ಬಲು ಉದ್ದವಾಯಿತು ಎಂಬುದೂ ನಿಜ.

ಉಚ್ಚಾರದ ಪೇಚು ಬೇರೆಯೇ ಇದೆ. ಕ್ಲೋಯಿ ಎಂದರೆ ಎಳೆಯ ಹಸಿರು ಮೊಳಕೆ, ಬೆಳೆಯ ದೇವತೆ ಡಿಮೀಟರ್‌ಳ ಬಿರುದು. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದುವ ಗುಮಾಸ್ತ 'ಚ್ಲೋ' ಎಂದರೂ ಎಂದನೇ. ಪೆನೆಲಪಿಯನ್ನು ಪೆನೆಲೋಪ್ ಮಾಡುವವರು ಎಷ್ಟೋ ಮಂದಿ. ಕನ್ನಡದಲ್ಲಿ ಬರೆದರೆ ಈ ಗೊಂದಲವೇ ಇಲ್ಲ.

ಕಾಗುಣಿತ ಮೊದಲೇ ಗಟ್ಟಿ ಮಾಡಿಕೊಳ್ಳುವುದು ಲೇಸು. 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯಂತೆ, ಆ ಬಳಿಕ ಹುಟ್ಟಿದವರಿಗೆ ಶಾಲಾ ಪ್ರವೇಶದಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಜನನ ಪತ್ರವೇ ಆಧಾರ. ಅವಸರವೇನೂ ಬೇಡ, ಹೆಸರಿಲ್ಲದೆಯೂ ಜನನ ನೋಂದಣಿ ಮಾಡಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಅನಂತರ ತಡವಾದ ಶುಲ್ಕ ಕೊಟ್ಟು 15 ವರ್ಷದವರೆಗೂ ಸೇರಿಸಬಹುದು.